ಬೇಸ್ ಕೇಳ್ತದೆ, ಸ್ವರ ಕೇಳೋದಿಲ್ಲ: ಗದ್ದಲದ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಬಿಡಿಬಿಡಿಯಾಗಿ ಕೇಳಿಸುವ ಬಗೆ

ಕಾರವಾರದ ಮಯೂರವರ್ಮ ವೇದಿಕೆ ಇರಲಿ, ಶಿರಸಿ ಮಾರಿಜಾತ್ರೆಯ ಪೆಂಡಾಲ್ ಇರಲಿ, ರಸಮಂಜರಿ ಶುರುವಾದ ಮೇಲೆ ಮೂವತ್ತು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಿ. ಬೇಸ್ ಗಿಟಾರಿನವರು ನುಡಿಸುತ್ತಿರುವ ಸಾಲನ್ನು ನಿಮ್ಮ ಬಾಯಲ್ಲಿ ಗುನುಗಲು ಬರುತ್ತದೆಯೇ? ಸಾಮಾನ್ಯವಾಗಿ ಬರುವುದಿಲ್ಲ. ಎದೆ ಗುಂ ಗುಂ ಅನ್ನುತ್ತದೆ, ಪ್ಲಾಸ್ಟಿಕ್ ಕುರ್ಚಿ ನಡುಗುತ್ತದೆ, ಆದರೆ ಸಾಲು ಮಧ್ಯಮಕ್ಕೆ ಹೋಯಿತೋ ಪಂಚಮಕ್ಕೆ ಹೋಯಿತೋ ಗೊತ್ತಾಗುವುದಿಲ್ಲ. ಆಗ ವೇದಿಕೆ ಮೇಲಿಂದ ಬರುವ ಮಾತು ಒಂದೇ: "ಬೇಸ್ ಸ್ವಲ್ಪ ಜಾಸ್ತಿ ಮಾಡೋ ಮಾರಾಯಾ!" ಬೇಸ್ ನಾಬ್ ಇನ್ನಷ್ಟು ತಿರುಗುತ್ತದೆ, ಗುಂ ಗುಂ ಹೆಚ್ಚುತ್ತದೆ, ಇದ್ದಬದ್ದ ಸ್ವರವೂ ಮುಳುಗುತ್ತದೆ.

ಏಕೆ ಮುಳುಗುತ್ತದೆ ಎಂಬ ಲೆಕ್ಕ ಹೀಗಿದೆ. ಬೇಸ್ ಗಿಟಾರಿನ ನಾಲ್ಕು ಬಿಟ್ಟ ತಂತಿಗಳ (ಬೆರಳಿಂದ ಒತ್ತದೆ ಮೀಟುವ ತಂತಿಗಳ) ಮೂಲ ಕಂಪನ ಇ 41 ಹರ್ಟ್ಸ್ (ಸೆಕೆಂಡಿಗೆ 41 ಕಂಪನ), ಎ 55, ಡಿ 73, ಜಿ 98. ತಂತಿ ಮೂಲ ಕಂಪನ ಒಂದರಲ್ಲೇ ಆಡುವುದಿಲ್ಲ. ಇ ತಂತಿ ಮೀಟಿದರೆ 41ರ ಜೊತೆ 82, 124, 165 ಎಂದು ಅದರ ಮಡಿಗಳೂ ಹೊರಡುತ್ತವೆ. ಅಷ್ಟು ಕೆಳಗಿನ ಸದ್ದಿಗೆ ನಮ್ಮ ಕಿವಿ ಬಹಳ ಮಂದ. ಇದು ಯಾವ ಸ್ವರ ಎಂದು ಕಿವಿ ಹಿಡಿಯುವುದು ಹೆಚ್ಚಾಗಿ ಈ ಮಡಿಗಳಿಂದ. ಮೊಬೈಲಿನ ಸ್ಪೀಕರಿಗೆ 41 ಹರ್ಟ್ಸ್ ಹೊರಡಿಸುವ ತಾಕತ್ತಿಲ್ಲ. ಆದರೂ ಹಾಡಿನ ಬೇಸ್ ಸಾಲು ಅದರಲ್ಲಿ ತಿಳಿಯುತ್ತದೆ, ಯಾಕೆಂದರೆ ಮಡಿಗಳು ಕೇಳಿದರೆ ಸಾಕು, ಇಲ್ಲದ ಮೂಲವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಅಂದರೆ ಬೇಸಿನ ಸ್ಪಷ್ಟತೆ ಇರುವುದು ಬೇಸ್ ನಾಬಿನಲ್ಲಿ ಅಲ್ಲ, ಮಿಡ್ (ನಡುಸದ್ದಿನ) ನಾಬಿನಲ್ಲಿ. 100ರಿಂದ 1000 ಹರ್ಟ್ಸ್ ಒಳಗೆ, ಅದರಲ್ಲೂ 700–900ರ ಸುತ್ತ.

ಮನೆಯಲ್ಲಿ ಒಬ್ಬರೇ ಕೂತು ನುಡಿಸುವಾಗ ಇದು ಉಲ್ಟಾ ಕಾಣುತ್ತದೆ. ಸಣ್ಣ ಕೋಣೆ, ಕಡಿಮೆ ವಾಲ್ಯೂಮ್. ಬೇಸ್ ಮತ್ತು ಟ್ರೆಬಲ್ (ಮೇಲಿನ ಸದ್ದು) ಏರಿಸಿ ಮಿಡ್ ಇಳಿಸಿದರೆ ಕಿವಿಗೆ ಬೆಣ್ಣೆ ಹಚ್ಚಿದಂತೆ. ಅದೇ ಸೆಟ್ಟಿಂಗ್ ವೇದಿಕೆಗೆ ತಂದರೆ ಕೆಳಭಾಗವನ್ನು ಕಿಕ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್) ತಿನ್ನುತ್ತದೆ, ಮೇಲ್ಭಾಗವನ್ನು ಸಿಂಬಲ್ ತಿನ್ನುತ್ತದೆ, ನಡುಭಾಗವನ್ನು ನೀವೇ ತೆಗೆದುಹಾಕಿದ್ದೀರಿ. ಉಳಿಯುವುದೇನು?

ನಿಮ್ಮ ಜಾಗದಲ್ಲಿ ಕೂತವರು

ನಾಬ್ ಮುಟ್ಟುವ ಮೊದಲು ವೇದಿಕೆ ಮೇಲೆ ಬೇರೆ ಯಾರು ಬೇಸ್ ನುಡಿಸುತ್ತಿದ್ದಾರೆ ನೋಡಿ. ನಮ್ಮ ಕಡೆಯ ಆರ್ಕೆಸ್ಟ್ರಾಗಳಲ್ಲಿ ತೊಂದರೆಯ ಅರ್ಧ ಪಾಲು ಇಲ್ಲೇ ಸಿಗುತ್ತದೆ.

ಮೊದಲನೆಯದು ಕೀಬೋರ್ಡ್. ರಿದಮ್ ಸ್ಟೈಲ್ ಓಡಿಸುವ ಕೀಬೋರ್ಡಾದರೆ ಆ ಸ್ಟೈಲಿನೊಳಗೇ ಒಂದು ಬೇಸ್ ಸಾಲು ಇರುತ್ತದೆ. ಎಡಗೈ ಕಾರ್ಡ್ ಒತ್ತಿದ ಕೂಡಲೇ ಅದು ತಾನಾಗಿ ನುಡಿಯುತ್ತದೆ. ನೀವು ಬೆರಳಲ್ಲಿ ಒಂದು ಸಾಲು, ಯಂತ್ರದಲ್ಲಿ ಇನ್ನೊಂದು ಸಾಲು, ಎರಡೂ 40ರಿಂದ 100 ಹರ್ಟ್ಸ್ ಒಳಗೆ. ಒಂದು ಸ್ವರ ಹೊಂದಿದರೆ ಮುಂದಿನದು ಹೊಂದುವುದಿಲ್ಲ, ಹಿಂದೆ ಕೂತವರಿಗೆ ಬರೀ ಕಲಸುಮೇಲೋಗರ. ಸ್ಟೈಲಿನ ಪಾರ್ಟ್‌ಗಳನ್ನು ಬೇರೆ ಬೇರೆ ಆನ್-ಆಫ್ ಮಾಡುವ ಪುಟ ಅಂಥ ಕೀಬೋರ್ಡಿನಲ್ಲಿ ಇರುತ್ತದೆ. ಅಲ್ಲಿ ಬೇಸ್ ಪಾರ್ಟ್ ಆಫ್ ಮಾಡಿಸಿ. ಡ್ರಮ್, ಕಾರ್ಡ್ ಎಲ್ಲ ಇರಲಿ, ಅದೊಂದು ಹೋಗಲಿ. ಸ್ಟೈಲ್ ಇಲ್ಲದೆ ಕೈಯಲ್ಲೇ ನುಡಿಸುವವರಾದರೆ ಎಡಗೈ ನಡು ಸಿ ಯಿಂದ ಒಂದು ಸ್ಥಾಯಿ ಕೆಳಗಿನ ಸಿ ಗಿಂತ, ಅಂದರೆ ಸುಮಾರು 130 ಹರ್ಟ್ಸ್‌ಗಿಂತ, ಕೆಳಗೆ ಇಳಿಯಬಾರದು ಎಂದು ಮಾತಾಡಿಕೊಳ್ಳಿ. ಒಬ್ಬರೇ ನುಡಿಸಿ ರೂಢಿಯಾದ ಕೀಬೋರ್ಡಿನವರಿಗೆ ಈ ಮಾತು ಹಿಡಿಸುವುದಿಲ್ಲ. ಎಡಗೈಯೇ ಅವರ ಬೇಸ್ ಆಗಿತ್ತಲ್ಲ! ರಿಹರ್ಸಲ್ಲಿನಲ್ಲಿ ಒಂದೇ ಹಾಡನ್ನು ಎಡಗೈ ಇಟ್ಟು ಒಮ್ಮೆ, ಬಿಟ್ಟು ಒಮ್ಮೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದರೆ ವಾದ ಬೇಗ ಮುಗಿಯುತ್ತದೆ. ಅದೂ ಆಗದಿದ್ದರೆ ಮಿಕ್ಸರಿನ ಕೀಬೋರ್ಡ್ ಚಾನೆಲ್ಲಿಗೆ 120–150 ಹರ್ಟ್ಸ್‌ನಲ್ಲಿ ಹೈಪಾಸ್ (ಅದರ ಕೆಳಗಿನ ಸದ್ದನ್ನು ತಡೆಯುವ ಫಿಲ್ಟರ್) ಹಾಕಿಸಿ.

ಎರಡನೆಯದು ಆಕ್ಟೊಪ್ಯಾಡಿನ (ಕೋಲಿನಿಂದ ಬಡಿಯುವ ಎಲೆಕ್ಟ್ರಾನಿಕ್ ಡ್ರಮ್ಮಿನ) ಕಿಕ್. ಅದರ ಒಳಗಿರುವ ಎಷ್ಟೋ ಕಿಕ್ ಸದ್ದುಗಳಿಗೆ ಉದ್ದ ಬಾಲ ಇರುತ್ತದೆ. ಹೊಡೆದ ಮೇಲೂ 'ಧುಂ…' ಎಂದು ಎಳೆಯುತ್ತದೆ. ಆ ಬಾಲದ ಅಡಿಯಲ್ಲಿ ನಿಮ್ಮ ಸ್ವರ ಹೂತುಹೋಗುತ್ತದೆ. ಡಿಕೇ ಕಡಿಮೆ ಮಾಡಿ 'ಧಪ್' ಎಂದು ನಿಲ್ಲುವ ಹಾಗೆ ಮಾಡಿಸಿ. ಆಮೇಲೆ ಇಬ್ಬರಲ್ಲಿ ಯಾರು ಕೆಳಗೆ, ಯಾರು ಮೇಲೆ ಎಂದು ಹಂಚಿಕೊಳ್ಳಿ. ಕಿಕ್‌ಗೆ 60 ಹರ್ಟ್ಸ್ ಸುತ್ತ ತೂಕ ಕೊಟ್ಟರೆ ಬೇಸಿಗೆ ಅಲ್ಲಿ 2–3 ಡೆಸಿಬೆಲ್ ಇಳಿಸಿ 90–110ರಲ್ಲಿ ಅಷ್ಟೇ ಏರಿಸಿ. ಉಲ್ಟಾ ಹಂಚಿದರೂ ನಡೆಯುತ್ತದೆ, ಇಬ್ಬರೂ ಒಂದೇ ಕಡೆ ಕೂರುವುದು ಮಾತ್ರ ನಡೆಯುವುದಿಲ್ಲ. ಢೋಲಕಿನ ಎಡಮುಖದ ಗುಮುಕಿಗೂ ಇದೇ ಮಾತು. ಅದಕ್ಕೆ ಮೈಕ್ ತೀರಾ ಹತ್ತಿರ ಇಟ್ಟರೆ ಕೆಳಸದ್ದು ಉಬ್ಬುತ್ತದೆ, ಒಂದು ಗೇಣು ದೂರ ಸರಿಸಿ.

ಗಿಟಾರಿನ ಕೆಳಗಿನ ಇ ತಂತಿ 82 ಹರ್ಟ್ಸ್. ಗಿಟಾರ್ ಚಾನೆಲ್ಲಿಗೂ 100ರಲ್ಲಿ ಹೈಪಾಸ್ ಇರಲಿ. ಹಾಡುವವರ ಮೈಕಿಗೆ ಹೇಗೂ ಬೇಕೇ ಬೇಕು, ಇಲ್ಲದಿದ್ದರೆ ನಾಲ್ಕು ಮೈಕುಗಳು ವೇದಿಕೆಯ ಬೇಸನ್ನೇ ಹಿಡಿದು ತಡವಾಗಿ ಮತ್ತೆ ಹೊರಗೆ ಕಳಿಸುತ್ತವೆ.

ತಂತಿ, ಉಪ್ಪುಗಾಳಿ, ಮಳೆಗಾಲ

ತಂತಿ ಸತ್ತಿದ್ದರೆ ಮೇಲಿನ ಮಡಿಗಳೇ ಹುಟ್ಟುವುದಿಲ್ಲ, ಹುಟ್ಟದ್ದನ್ನು ಈಕ್ಯೂ (ಬೇಸ್, ಮಿಡ್, ಟ್ರೆಬಲ್ ಹೊಂದಿಸುವ ನಾಬ್‌ಗಳು) ಏರಿಸಿ ತರಲಾಗುವುದಿಲ್ಲ. ತಂತಿ ಸತ್ತಿದೆಯೇ ಎಂದು ತಿಳಿಯಲು 12ನೇ ಫ್ರೆಟ್ಟಿನ (ಗಿಟಾರಿನ ಕತ್ತು, ಅಂದರೆ ನೆಕ್ಕಿನ ಮೇಲಿನ ಅಡ್ಡ ಲೋಹಪಟ್ಟಿ) ಮೇಲೆ ಒತ್ತದೆ ಬೆರಳು ತಾಗಿಸಿ ಹಾರ್ಮೋನಿಕ್ ಮೀಟಿ. ಗಂಟೆಯ ಹಾಗೆ ಕೆಲವು ಸೆಕೆಂಡು ನಿಂತರೆ ಜೀವ ಇದೆ. 'ಟುಪ್' ಎಂದು ಬಿದ್ದರೆ ಬದಲಿಸಿ.

ಅಂಕೋಲಾ, ಗೋಕರ್ಣ, ಕಾರವಾರದ ಕಡಲ ಬದಿಯಲ್ಲಿ ತಂತಿ ಬೇಗ ಸಾಯುತ್ತದೆ. ಉಪ್ಪುಗಾಳಿ, ಬೆವರು ಎರಡೂ ಸುತ್ತುತಂತಿಯ ಸಂದಿಯಲ್ಲಿ ಕೂರುತ್ತವೆ. ನುಡಿಸಿ ಮುಗಿದ ಕೂಡಲೇ ಒಣ ಹತ್ತಿಬಟ್ಟೆಯಲ್ಲಿ ತಂತಿಯನ್ನು ಮೇಲೆ ಮಾತ್ರವಲ್ಲ, ಅಡಿಯಿಂದಲೂ ಹಿಡಿದು ಒರೆಸಿ. ಫ್ರೆಟ್‌ಬೋರ್ಡ್ ಕಡೆಗಿರುವ ಆ ಅಡಿಭಾಗದಲ್ಲೇ ತುಕ್ಕು ಶುರುವಾಗುವುದು. ಗಿಟಾರನ್ನು ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಕೋಟಿಂಗ್ ಇರುವ ತಂತಿ ದುಬಾರಿ, ಆದರೆ ಕರಾವಳಿಯಲ್ಲಿ ಆ ಹಣ ವಸೂಲಾಗುತ್ತದೆ. ಹಳೆ ತಂತಿಯನ್ನು ನೀರಲ್ಲಿ ಹತ್ತು ನಿಮಿಷ ಕುದಿಸಿದರೆ ಕೊಳೆ ಬಿಟ್ಟು ಒಂದೆರಡು ಕಾರ್ಯಕ್ರಮದ ಮಟ್ಟಿಗೆ ಜೀವ ಬರುತ್ತದೆ. ಪೂರ್ತಿ ಒಣಗಿಸದೆ ಹಾಕಿದರೆ ವಾರದೊಳಗೆ ತುಕ್ಕು. ದಪ್ಪದ ಲೆಕ್ಕಕ್ಕೆ 45–105ರ (ಇಂಚಿನ ಸಾವಿರದ ಪಾಲಿನಲ್ಲಿ) ನಿಕಲ್ ಸೆಟ್ ಸಾಕು. ಗದ್ದಲ ಬಹಳ ಇದ್ದರೆ ಸ್ಟೀಲ್ ತಂತಿ ಇನ್ನೂ ಚೂಪಾಗಿ ಕೇಳುತ್ತದೆ, ಫ್ರೆಟ್ ಮಾತ್ರ ಬೇಗ ಸವೆಯುತ್ತದೆ.

ಮಳೆಗಾಲದಲ್ಲಿ ಮರ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ, ನೆಕ್ಕಿನ ಬಾಗು ಬದಲಾಗುತ್ತದೆ. ಜೂನ್‌ನಲ್ಲೊಮ್ಮೆ, ಮಳೆ ನಿಂತ ಮೇಲೊಮ್ಮೆ ನೋಡಬೇಕು. ಇ ತಂತಿಯನ್ನು 1ನೇ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿದು 7–8ನೇ ಫ್ರೆಟ್ಟಿನ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಎಷ್ಟು ಸಂದಿ ಇದೆ ನೋಡಿ. 0.3 ಮಿಲಿಮೀಟರ್, ಅಂದರೆ ಒಂದು ದಪ್ಪ ವಿಸಿಟಿಂಗ್ ಕಾರ್ಡ್ ಬಿಗಿಯಾಗಿ ತೂರುವಷ್ಟು ಇರಬೇಕು. ಸಂದಿಯೇ ಇಲ್ಲದಿದ್ದರೆ ಮೊದಲ ನಾಲ್ಕೈದು ಫ್ರೆಟ್ಟಿನಲ್ಲಿ ತಂತಿ ಝರ್ ಅನ್ನುತ್ತದೆ. ಟ್ರಸ್ ರಾಡನ್ನು (ನೆಕ್ಕಿನೊಳಗಿನ ಲೋಹದ ಸರಳು) ಬಿಗಿ ಮಾಡಿದರೆ ಬಾಗು ಕಡಿಮೆ, ಸಡಿಲ ಮಾಡಿದರೆ ಹೆಚ್ಚು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ತಿರುಗದಿದ್ದರೆ ಬಲ ಹಾಕಬೇಡಿ. 12ನೇ ಫ್ರೆಟ್ಟಿನಲ್ಲಿ ತಂತಿಯ ಎತ್ತರ ಇ ಕಡೆ 2.5 ಮಿಮೀ, ಜಿ ಕಡೆ 2 ಮಿಮೀ ಇದ್ದರೆ ಜೋರಾಗಿ ಮೀಟಿದರೂ ಸದ್ದು ಕೆಡುವುದಿಲ್ಲ. ಪಿಕಪ್ಪನ್ನು (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಭಾಗ) ತಂತಿಗೆ ಅಂಟಿಸಿಟ್ಟರೆ ಜೋರು ಬರುತ್ತದೆಂದು ಕೆಲವರು ಸ್ಕ್ರೂ ಏರಿಸುತ್ತಾರೆ. ಆಗ ಅಯಸ್ಕಾಂತ ತಂತಿಯನ್ನು ಎಳೆದು ಸ್ವರವೇ ತೂಗಾಡುತ್ತದೆ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ಇ ಕಡೆ 3, ಜಿ ಕಡೆ 2 ಮಿಮೀ ಅಂತರ ಸರಿ.

ಆಕ್ಟಿವ್ ಬೇಸಾದರೆ (ಒಳಗೇ ಸಣ್ಣ ಆ್ಯಂಪ್ ಇರುವಂಥದ್ದು) 9 ವೋಲ್ಟ್ ಬ್ಯಾಟರಿ. ವಯರ್ ಚುಚ್ಚಿಟ್ಟಷ್ಟು ಹೊತ್ತೂ ಅದು ಖರ್ಚಾಗುತ್ತಿರುತ್ತದೆ, ನುಡಿಸಲಿ ಬಿಡಲಿ. ಮೆಲ್ಲಗೆ ಮೀಟಿದರೆ ಸರಿ, ಜೋರು ಮೀಟಿದರೆ ಪರ್ ಎಂದು ಹರಿಯುತ್ತದೆ ಎಂದರೆ ಮೊದಲು ನೋಡಬೇಕಾದ್ದು ಅದನ್ನೇ.

ಕೈ

ಗದ್ದಲ ಹೆಚ್ಚಿದಂತೆ ಕೈ ತಾನಾಗಿ ಜೋರಾಗುತ್ತದೆ. ಜೋರು ಮೀಟಿದರೆ ತಂತಿ ಫ್ರೆಟ್ಟಿಗೆ ಬಡಿದು ಟಕ್ ಮಾತ್ರ ದೊಡ್ಡದಾಗುತ್ತದೆ, ಅದರ ಹಿಂದಿನ ಸ್ವರ ಸಣ್ಣದಾಗುತ್ತದೆ. ಆ್ಯಂಪಿನಲ್ಲಿ ಗೇನ್ ಏರಿಸಿ, ಕೈ ಹಗುರ ಮಾಡಿ. ಮೀಟುವ ಜಾಗ ನೆಕ್ ಹತ್ತಿರವಾದರೆ ಸದ್ದು ದುಂಡಗೆ, ಬ್ರಿಜ್ (ತಂತಿ ಕಟ್ಟಿರುವ ಕೆಳತುದಿ) ಹತ್ತಿರವಾದರೆ ಬಿಗಿ. ಗದ್ದಲದಲ್ಲಿ ಬ್ರಿಜ್ ಕಡೆಗೆ ಮೂರು ಬೆರಳು ಸರಿದರೆ ಎಷ್ಟೋ ವ್ಯತ್ಯಾಸ.

ಇದಕ್ಕಿಂತ ದೊಡ್ಡ ವಿಷಯ ಸ್ವರ ನಿಲ್ಲಿಸುವುದು. ಬೇಸ್ ಕಲಸಿಹೋಗುವುದು ಸ್ವರದ ಶುರುವಿನಲ್ಲಿ ಅಲ್ಲ, ಕೊನೆಯಲ್ಲಿ. ಜಿ ಸ್ವರ ನುಡಿಸಿ ಎ ಗೆ ಹೋದಾಗ ಹಿಂದಿನದು ಇನ್ನೂ ಗುಂಯ್‌ಗುಡುತ್ತಿದ್ದರೆ ಎರಡೂ ಸೇರಿ ಯಾವುದೂ ಅಲ್ಲದ ಸದ್ದು. ಎಡಗೈ ಬೆರಳನ್ನು ಎತ್ತದೆ ಒತ್ತಡ ಮಾತ್ರ ಸಡಿಲಿಸಿ ಸ್ವರ ಕೊಲ್ಲಿ. ಬಲಗೈ ಹೆಬ್ಬೆರಳು ಪಿಕಪ್ ಮೇಲೆ ಕೂತಲ್ಲೇ ಕೂರದೆ, ಮೇಲಿನ ತಂತಿಗಳಿಗೆ ಬೆರಳು ಹೋದಾಗ ಇ, ಎ ತಂತಿಗಳ ಮೇಲೆ ಮಲಗಿರಲಿ. ಜೋರು ವೇದಿಕೆಯಲ್ಲಿ ಬಿಟ್ಟ ತಂತಿ ಸ್ಪೀಕರಿನ ಸದ್ದಿಗೇ ನಡುಗಿ ತಾನಾಗಿ ನುಡಿಯುತ್ತದೆ. ಹಳೆಯ ನಿಧಾನದ ಹಾಡುಗಳಿಗೆ ಪಾತ್ರೆ ತೊಳೆಯುವ ಸ್ಪಂಜಿನಿಂದ ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ ಬ್ರಿಜ್ ಪಕ್ಕ ತಂತಿಗಳ ಅಡಿಗೆ ತುರುಕಿ ನೋಡಿ. ಸ್ವರ 'ಧುಂ' ಎಂದು ಹುಟ್ಟಿ ಅಲ್ಲೇ ಮುಗಿಯುತ್ತದೆ. ಹತ್ತು ರೂಪಾಯಿಯ ಸ್ಪಂಜು ಮಾಡುವ ಈ ಕೆಲಸವನ್ನು ಹತ್ತು ಸಾವಿರದ ಪೆಡಲ್ ಮಾಡುವುದಿಲ್ಲ.

ಗಾಯಕಿಯ ಶ್ರುತಿಗೆ ಹಾಡನ್ನು ಇಳಿಸಿದಾಗ ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಒತ್ತಿ ಕೂತುಬಿಡುತ್ತಾರೆ, ನಿಮ್ಮ ಸಾಲು ಇ ತಂತಿಯ ತಳಕ್ಕೆ ಇಳಿಯುತ್ತದೆ. ಓಟದ ಸಾಲು ಇದ್ದರೆ ಅದನ್ನು ಒಂದು ಸ್ಥಾಯಿ ಮೇಲೆ ನುಡಿಸಿ, ಪಲ್ಲವಿಯ ಮೊದಲ ಸ್ವರಕ್ಕೆ ಮಾತ್ರ ಕೆಳಗಿಳಿಯಿರಿ.

ನಾಬ್‌ಗಳು

ಎಲ್ಲ ನಾಬ್ ನಡುವಿಗೆ ತಂದು, ಇಡೀ ತಂಡ ನುಡಿಸುತ್ತಿರುವಾಗ ಶುರು ಮಾಡಿ. ಒಬ್ಬರೇ ನುಡಿಸಿ ಹೊಂದಿಸಿದ ಟೋನ್ ತಂಡದೊಳಗೆ ನಿಲ್ಲುವುದಿಲ್ಲ. ಬರೀ ಮೂರು ನಾಬ್ ಇರುವ ಆ್ಯಂಪಾದರೆ ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಬೇಸ್ 11, ಮಿಡ್ 2, ಟ್ರೆಬಲ್ 12. ಇಷ್ಟರಿಂದಲೇ ಹೆಚ್ಚಿನ ಕಡೆ ಕೆಲಸ ಆಗುತ್ತದೆ.

ಪ್ಯಾರಾಮೆಟ್ರಿಕ್ ಈಕ್ಯೂ (ಬೇಕಾದ ಕಂಪನವನ್ನೇ ಆರಿಸಿ ಏರಿಸಿ ಇಳಿಸುವಂಥದ್ದು) ಇದ್ದರೆ ಹೈಪಾಸ್ 40 ಹರ್ಟ್ಸ್‌ನಲ್ಲಿ ಇಡಿ, ಐದು ತಂತಿಯ ಬೇಸಿಗೆ 30. ಅದರ ಕೆಳಗೆ ಸ್ವರ ಇಲ್ಲ, ಕೈ ತಂತಿಗೆ ತಾಗಿದ ಧಡಧಡ ಮತ್ತು ವೇದಿಕೆಯ ಅಟ್ಟದ ನಡುಕ ಮಾತ್ರ. ಅದನ್ನೂ ಹೊರಡಿಸಲು ಹೋಗಿ ಆ್ಯಂಪ್ ಸುಸ್ತಾಗುತ್ತದೆ. 200–300ರಲ್ಲಿ 3–4 ಡೆಸಿಬೆಲ್ ಇಳಿಸಿ, ಮಡ್ಡಿ ಅಲ್ಲಿರುತ್ತದೆ. ಪೂರ್ತಿ ತೆಗೆದರೆ ಸದ್ದು ಪೊಳ್ಳಾಗಿ ತೂಕ ಹೋಗುತ್ತದೆ. ಮಿಡ್ ಎಲ್ಲಿ ಏರಿಸಬೇಕೆಂದು ಕಿವಿಯಿಂದಲೇ ಹುಡುಕಬೇಕು. ಒಂದು ಬ್ಯಾಂಡನ್ನು 6 ಡೆಸಿಬೆಲ್ ಏರಿಸಿ, ತಂಡ ನುಡಿಸುತ್ತಿರುವಂತೆಯೇ 500ರಿಂದ ಮೆಲ್ಲಗೆ 1200ರವರೆಗೆ ಸರಿಸುತ್ತ ಹೋಗಿ. ಒಂದು ಕಡೆ ಸ್ವರ ಗಂಟಲು ತೆರೆದ ಹಾಗೆ ಮುಂದೆ ಬರುತ್ತದೆ. ಅಲ್ಲಿ ನಿಲ್ಲಿಸಿ, ಏರಿಕೆಯನ್ನು 3ಕ್ಕೆ ಇಳಿಸಿ. ಮೂಗಿನಲ್ಲಿ ಹಾಡಿದಂತೆ ಕೇಳಿದರೆ ತುಸು ಹೆಚ್ಚಾಯಿತು. ಆದರೆ ಒಬ್ಬರೇ ನುಡಿಸಿದಾಗ ಮೂಗಿನ ಸದ್ದು ಅನ್ನಿಸುವ ಟೋನೇ ತಂಡದೊಳಗೆ ಸರಿಯಾಗಿ ಕೂರುತ್ತದೆ, ಅದಕ್ಕೆ ಹೆದರಬೇಡಿ. ಬೆರಳಿನ ಟಕ್ ಬೇಕಾದರೆ 2000–2500ರಲ್ಲಿ 2 ಡೆಸಿಬೆಲ್. 5000ದ ಮೇಲೆ ಇರುವುದು ಬರೀ ಸುಯ್.

ಕಂಪ್ರೆಸರ್ (ಜೋರು-ಮೆಲು ಸದ್ದಿನ ಅಂತರ ತಗ್ಗಿಸುವ ಸಾಧನ) ಇದ್ದರೆ ರೇಶಿಯೋ 4:1, ಅಟ್ಯಾಕ್ 20–30 ಮಿಲಿಸೆಕೆಂಡ್, ರಿಲೀಸ್ 100–200, ಮೀಟರಿನ ಮುಳ್ಳು 3–6 ಡೆಸಿಬೆಲ್ ಇಳಿಯುವಷ್ಟು. ಅಟ್ಯಾಕ್ ಅದಕ್ಕಿಂತ ವೇಗ ಮಾಡಿದರೆ ಸ್ವರದ ಮೂತಿಯೇ ಕತ್ತರಿಸಿಹೋಗುತ್ತದೆ. ಓವರ್‌ಡ್ರೈವ್ ಪೆಡಲ್ಲಿಗೆ ಬ್ಲೆಂಡ್ ನಾಬ್ ಇರುವುದನ್ನೇ ಆರಿಸಿ, ಕಾಲು ಭಾಗ ಡ್ರೈವ್, ಮುಕ್ಕಾಲು ಸ್ವಚ್ಛ ಸದ್ದು. ತುಸು ಒರಟು ಸೇರಿದರೆ ಮಡಿಗಳು ಹೆಚ್ಚುತ್ತವೆ, ಸಣ್ಣ ಸ್ಪೀಕರಿನಲ್ಲೂ ಸ್ವರ ತಿಳಿಯುತ್ತದೆ.

ವೇದಿಕೆ ಮೇಲೆ

ಆ್ಯಂಪ್ ನೆಲದ ಮೇಲೆ, ನೀವು ಅದರ ಮುಂದೆ ಒಂದು ಮಾರು ದೂರ. ಮಿಡ್ ಸದ್ದು ಸ್ಪೀಕರಿನಿಂದ ನೇರ ಹೊರಟು ನಿಮ್ಮ ಮೊಣಕಾಲಿಗೆ ತಾಗುತ್ತದೆ, ಕಿವಿಗೆ ಬರುವುದು ಗುಂ ಮಾತ್ರ. ಅದಕ್ಕೇ 'ಕೇಳ್ತಾ ಇಲ್ಲ' ಎಂದು ವಾಲ್ಯೂಮ್ ಏರಿಸುವುದು. ಆ್ಯಂಪನ್ನು ಎತ್ತರಿಸಿ, ಇಲ್ಲವೇ ಹಿಂದಕ್ಕೆ ವಾಲಿಸಿ ಸ್ಪೀಕರಿನ ಮುಖ ಕಿವಿಯ ಕಡೆ ಇರುವ ಹಾಗೆ ಮಾಡಿ. ಮೀನಿನ ಪ್ಲಾಸ್ಟಿಕ್ ಕ್ರೇಟ್ ಎರಡು ಮಗುಚಿ ಹಾಕಿದರೆ ಎತ್ತರ ಸರಿ (ತೊಳೆದದ್ದು ನೋಡಿ ತನ್ನಿ). ಹಲಗೆ ಹೊಡೆದ ಅಟ್ಟದ ಒಳಗೆ ಪೊಳ್ಳು ಇರುವುದರಿಂದ ಅಟ್ಟವೇ ಒಂದು ಡೊಳ್ಳು. ಕ್ರೇಟಿನ ಅಡಿಗೆ ರಬ್ಬರ್ ಮ್ಯಾಟ್ ಅಥವಾ ದಪ್ಪ ಫೋಮ್ ಹಾಕಿದರೆ ಆ ನಡುಕ ಕಡಿಮೆ.

ಹಿಂದೆ ಗೋಡೆ ಇದ್ದರೆ ಸ್ಪೀಕರನ್ನು ಒಂದು ಮೀಟರ್ ಮುಂದೆ ತಂದಿಡುವುದು ಎಲ್ಲಕ್ಕಿಂತ ಕೆಟ್ಟ ಜಾಗ. ಹಿಂದೆ ಹೋದ ಸದ್ದು ಗೋಡೆಗೆ ಬಡಿದು ವಾಪಸು ಬಂದು ಸುಮಾರು 87 ಹರ್ಟ್ಸನ್ನು ನುಂಗುತ್ತದೆ. ಡಿ ತಂತಿಯ 3ನೇ ಫ್ರೆಟ್ಟಿನ ಎಫ್ ಸರಿಯಾಗಿ ಅಲ್ಲಿದೆ. ಗೋಡೆಗೆ ಒತ್ತಿಯೇ ಇಟ್ಟು, ಹೆಚ್ಚಾದ ಕೆಳಸದ್ದನ್ನು ಬೇಸ್ ನಾಬಿನಲ್ಲಿ ಇಳಿಸಿಕೊಳ್ಳುವುದು ವಾಸಿ. ಮೂಲೆ ಮಾತ್ರ ಬೇಡ.

ಪ್ಯಾಸಿವ್ ಬೇಸನ್ನು ನೇರ ಮಿಕ್ಸರಿನ ಲೈನ್ ಇನ್‌ಪುಟ್ಟಿಗೆ ಚುಚ್ಚಬೇಡಿ. ಪಿಕಪ್ಪಿಗೆ 1 ಮೆಗಾಓಮ್ ಆಸುಪಾಸಿನ ಇನ್‌ಪುಟ್ ಬೇಕು, ಅಲ್ಲಿ ಸಿಗುವುದು ಬರೀ 10 ಕಿಲೋಓಮ್‌ನ ಆಸುಪಾಸು. ಸದ್ದು ಕಂಬಳಿ ಹೊದ್ದ ಹಾಗೆ ಮಂಕಾಗುತ್ತದೆ. ಡಿಐ ಬಾಕ್ಸ್ (ಬೇಸಿನ ಸದ್ದನ್ನು ಮಿಕ್ಸರಿಗೆ ಹೊಂದಿಸಿ ಕೊಡುವ ಡಬ್ಬಿ) ಒಂದು ಸ್ವಂತದ್ದು ಇರಲಿ. ಆ್ಯಂಪಿನಿಂದಲೇ ಡಿಐ ಕೊಡುವುದಾದರೆ ಪ್ರೀ ಸ್ವಿಚ್ ಒತ್ತಿ ಕೊಡಿ, ವೇದಿಕೆಗಾಗಿ ನೀವು ತಿರುಗಿಸಿದ ನಾಬ್ ಹೊರಗಿನ ಸದ್ದನ್ನು ಕೆಡಿಸುವುದಿಲ್ಲ. ಮಿಕ್ಸರಿನವರಿಗೆ ಮೊದಲೇ ಹೇಳಿ: "ಅಣ್ಣಾ, ಬೇಸಿಗೆ ನೂರರ ಕೆಳಗೆ ಏನೂ ಏರಿಸಬೇಡಿ, ಎಂಟುನೂರರಲ್ಲಿ ಸ್ವಲ್ಪ ಕೊಡಿ." ಅವರು ನಗಬಹುದು. ಬೇಸ್ ಚಾನೆಲ್ ಬಂತೆಂದರೆ ಲೋ ನಾಬಿಗೆ ಕೈ ಹೋಗುವುದು ರೂಢಿ.

ಕಡಲತೀರದ ಬಯಲಿಗೂ ಕಲ್ಯಾಣ ಮಂಟಪಕ್ಕೂ ಒಂದೇ ಸೆಟ್ಟಿಂಗ್ ನಡೆಯುವುದಿಲ್ಲ. ಬಯಲಲ್ಲಿ ಗೋಡೆ ಇಲ್ಲ, ಕೆಳಸದ್ದು ಹರಡಿ ಹೋಗುತ್ತದೆ, ಅಲ್ಲಿ ತುಸು ಬೇಸ್ ಕೊಟ್ಟರೆ ತಪ್ಪಿಲ್ಲ. ಟೈಲ್ಸ್ ನೆಲದ ಮಂಟಪದಲ್ಲಿ ಸ್ವರ ಸುತ್ತಿ ಸುತ್ತಿ ಬರುತ್ತದೆ. ಜನ ತುಂಬಿದಾಗ ಮೈ-ಬಟ್ಟೆಗಳು ಮೇಲಿನ ಸದ್ದನ್ನು ಹೀರುತ್ತವೆ, ಕೆಳಗಿನದನ್ನು ಅಷ್ಟಾಗಿ ಹೀರುವುದಿಲ್ಲ. ಆದ್ದರಿಂದ ಖಾಲಿ ಮಂಟಪದಲ್ಲಿ ಸೌಂಡ್‌ಚೆಕ್ ಮಾಡುವಾಗ ಮಿಡ್ ಒಂದು ಕೂದಲೆಳೆ ಹೆಚ್ಚೇ ಇರಲಿ. ಒಂದೇ ಸ್ವರ ಮಾತ್ರ ಮಂಟಪ ತುಂಬ ಮೊಳಗುತ್ತಿದ್ದರೆ ಇ ತಂತಿಯಲ್ಲಿ ಬಿಟ್ಟ ಸ್ವರದಿಂದ 12ನೇ ಫ್ರೆಟ್ಟಿನವರೆಗೆ ಒಂದೊಂದಾಗಿ ಒಂದೇ ಬಲದಲ್ಲಿ ನುಡಿಸಿ, ಉಬ್ಬುವ ಸ್ವರ ಯಾವುದು ಹಿಡಿಯಿರಿ. ಎಫ್ ಆದರೆ 44 ಹರ್ಟ್ಸ್, ಜಿ 49, ಎ 55, ಬಿ 62, ಸಿ 65, ಡಿ 73. ಆ ಅಂಕಿಯಲ್ಲಿ ಕಿರಿದಾದ ಬ್ಯಾಂಡಿನಿಂದ 4–6 ಡೆಸಿಬೆಲ್ ಕತ್ತರಿಸಿ. ತಗಡಿನ ಮಾಡು ಜಣಜಣ ಅನ್ನುವುದಕ್ಕೂ ಇದೇ ಮದ್ದು.

ಕರೆಂಟು

ಜನರೇಟರಿಗೆ ಬದಲಿಸಿದ ಕೂಡಲೇ ಸ್ಪೀಕರಿನಲ್ಲಿ ಗುಂಯ್ ಶುರುವಾಯಿತೇ? ನಮ್ಮ ಕರೆಂಟು 50 ಹರ್ಟ್ಸ್, ಇ ತಂತಿಯ 3ನೇ ಫ್ರೆಟ್ಟಿನ ಜಿ 49. ಅದರ ಮಡಿ 100, ಬಿಟ್ಟ ಜಿ ತಂತಿ 98. ಜಿ ಶ್ರುತಿಯ ಹಾಡಾದರೆ ಈ ಗುಂಯ್ ಹೆಚ್ಚುಕಡಿಮೆ ತಂಬೂರಿ. ಜಿ ಶಾರ್ಪ್‌ಗೆ ಹೋದರೆ ಪ್ರತಿ ಸ್ವರದ ಜೊತೆ ತಿಕ್ಕಾಟ, ಕೇಳುವವರಿಗೆ ನೀವೇ ಬೇಸುರು. ಆ್ಯಂಪ್, ಪೆಡಲ್, ಮಿಕ್ಸರ್ ಎಲ್ಲಕ್ಕೂ ಒಂದೇ ಕಡೆಯ ಕರೆಂಟ್ ತೆಗೆದುಕೊಳ್ಳಿ. ಹೋಗದಿದ್ದರೆ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಒತ್ತಿ. ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಗುಂಯ್ ನಿಲ್ಲಿಸುವ ಚಾಳಿ ಎಲ್ಲ ಕಡೆ ಇದೆ. ಆ್ಯಂಪಿನಲ್ಲಿ ದೋಷ ಬಂದರೆ 230 ವೋಲ್ಟ್ ತಂತಿಗೆ ಬರುತ್ತದೆ, ಒಂದು ಕೈ ತಂತಿ ಮೇಲೆ, ತುಟಿ ಮೈಕಿನ ಮೇಲೆ ಇರುತ್ತದೆ. ಎಂದಿಗೂ ಕೀಳಬೇಡಿ. ಗುಂಯ್ ಬದಲು ಜಿರ್ ಎಂದರೆ ಅದು ಹೆಚ್ಚಾಗಿ ಲೈಟಿನ ಡಿಮ್ಮರಿನದು. ಜಾಝ್ ಬೇಸಿನ ಥರ ಎರಡು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) ಇದ್ದರೆ ಎರಡೂ ವಾಲ್ಯೂಮ್ ಪೂರ್ತಿ ಬಿಟ್ಟಾಗ ಅವು ಒಂದರ ಜಿರ್ ಇನ್ನೊಂದು ಕಳೆಯುತ್ತವೆ.

ವಾಲ್ಯೂಮ್ ತಿರುಗಿಸಿದಾಗ ಕರಕರ ಬಂದರೆ ಉಪ್ಪುಗಾಳಿ ನಾಬಿನ ಕೆಳಗಿನ ಪಾಟಿನೊಳಗೆ ಹೋಗಿದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ಆಚೀಚೆ ತಿರುಗಿಸಿ. ಜಾಕಿಗೂ ಅಷ್ಟೇ.

ಇಷ್ಟೆಲ್ಲ ಸರಿ ಇದ್ದೂ ಜಿ ತಂತಿಯ 5ರಿಂದ 7ನೇ ಫ್ರೆಟ್ಟಿನ ನಡುವೆ ಒಂದು ಸ್ವರ ಮಾತ್ರ ಹುಟ್ಟಿದ ಕೂಡಲೇ ಸಾಯುತ್ತಿದ್ದರೆ ಅದು ನೆಕ್ಕಿನ ಸತ್ತ ಜಾಗ. ನೆಕ್ಕಿನ ಮರ ಆ ಕಂಪನವನ್ನು ತಾನೇ ಹೀರಿಕೊಳ್ಳುತ್ತದೆ, ಬಹಳಷ್ಟು ಬೇಸುಗಳಲ್ಲಿ ಇರುವಂಥದ್ದೇ. ತಂತಿ ಬದಲಿಸಿದರೂ ಹೋಗುವುದಿಲ್ಲ, ಈಕ್ಯೂ ತಿರುಗಿಸಿದರೂ ಹೋಗುವುದಿಲ್ಲ. 5ನೇ ಫ್ರೆಟ್ಟಿನ ಸಿ ಸಾಯುತ್ತಿದ್ದರೆ ಡಿ ತಂತಿಯ 10ರಲ್ಲಿ, 7ನೇ ಫ್ರೆಟ್ಟಿನ ಡಿ ಸಾಯುತ್ತಿದ್ದರೆ ಡಿ ತಂತಿಯ 12ರಲ್ಲಿ ನುಡಿಸಿ.